ಕಾಗೆಯೂ ಚಂಡಮಾರುತವೂ

2017ರ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಇದ್ದವರು ಆ ಮಳೆಯನ್ನು ಮರೆತಿರಲಾರರು. ಆಗಸ್ಟ್ 15ರ ನಸುಕಿನಲ್ಲಿ ಸುರಿದ ಮಳೆಗೆ ತಗ್ಗಿನ ಬಡಾವಣೆಗಳು ಕೆರೆಗಳಾದುವು. ಅದೇ ತಿಂಗಳು ರಾಜ್ಯ ಸರ್ಕಾರದ ಮೋಡಬಿತ್ತನೆಯ ವಿಮಾನ ಜಕ್ಕೂರಿನಿಂದ ಮೇಲೆದ್ದಿತು. ಕೆಲವು ತಿಂಗಳು ಕಳೆದ ಮೇಲೆ ನಮ್ಮ ನೆರೆಯ ನಿವೃತ್ತ ಉಪಾಧ್ಯಾಯರೊಬ್ಬರು ಗೇಟಿನ ಬಳಿ ನಿಂತು, “ನೋಡಿದಿರಾ ಸ್ವಾಮಿ, ವಿಮಾನ ಹಾರಿಸಿದ್ದೇ ತಡ, ಊರನ್ನೇ ಮುಳುಗಿಸಿಬಿಟ್ಟರು” ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಒಳಗೆ ಬಂದು ಹಳೆಯ ಪತ್ರಿಕೆಗಳನ್ನು ತಿರುವಿ ನೋಡಿದಾಗ ನಾಚಿಕೆಯಾಯಿತು. ವಿಮಾನ ಹಾರಿದ್ದು ಆ ಮಳೆಯಾಗಿ ಸುಮಾರು ಒಂದು ವಾರ ಕಳೆದ ಮೇಲೆ!

ಇಂಥದಕ್ಕೆ ಪಂಡಿತರು ಕಾಕತಾಳೀಯ ಎನ್ನುತ್ತಾರೆ. ಹಳ್ಳಿಯವರು, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ನಮ್ಮದು ಅದಕ್ಕೂ ಒಂದು ಕೈ ಮೇಲು. ಕೊಂಬೆ ಮುರಿದು ವಾರವಾದ ಮೇಲೆ ಬಂದ ಕಾಗೆಯನ್ನು ನಾವು ಹಿಡಿದು ದೂರಿದ್ದೆವು. ಇದೇ ಕಾಗೆಯ ಕಥೆ ಅಮೆರಿಕದಲ್ಲಿ ಒಂದು ಚಂಡಮಾರುತದ ವಿಷಯದಲ್ಲಿ ನಡೆದದ್ದುಂಟು. ಅಲ್ಲಿ ಮೋಸಹೋದವರು ಸಾಮಾನ್ಯ ಜನರು ಮಾತ್ರವಲ್ಲ; ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿಯೊಬ್ಬರೂ ಅವರ ಸಾಲಿನಲ್ಲೇ ನಿಂತಿದ್ದರು.

ಅವರ ಹೆಸರು ಅರ್ವಿಂಗ್ ಲ್ಯಾಂಗ್‌ಮ್ಯೂರ್. 1932ರಲ್ಲಿ ರಸಾಯನಶಾಸ್ತ್ರಕ್ಕಾಗಿ ನೊಬೆಲ್ ಪಡೆದ ಇವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದರು. ಅವರ ಸಹಾಯಕ ವಿನ್ಸೆಂಟ್ ಶೇಫರ್ ಶಾಲೆಯ ವಿದ್ಯಾಭ್ಯಾಸವನ್ನೇ ಪೂರೈಸದ, ಆದರೆ ಕೈಚಳಕದಲ್ಲಿ ಎಣೆಯಿಲ್ಲದ ಮನುಷ್ಯ. 1946ರ ಜುಲೈನಲ್ಲಿ ಶೇಫರ್ ಒಂದು ಶೀತಪೆಟ್ಟಿಗೆಯೊಳಗೆ ತನ್ನ ಉಸಿರಿನಿಂದಲೇ ಪುಟ್ಟ ಮೋಡವೊಂದನ್ನು ಮಾಡಿಕೊಂಡು ಪರೀಕ್ಷಿಸುತ್ತಿದ್ದ. ಸೆಕೆಯ ದಿನ, ಪೆಟ್ಟಿಗೆ ಸಾಕಷ್ಟು ತಣ್ಣಗಾಗಲೆಂದು ಒಂದು ತುಂಡು ಡ್ರೈ ಐಸನ್ನು ಅದರೊಳಕ್ಕೆ ಹಾಕಿದ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮೋಡವೆಲ್ಲ ಮಿನುಗುವ ಹಿಮಕಣಗಳಾಯಿತು.

ಇದರ ಒಳಗುಟ್ಟು ಕಷ್ಟದ್ದಲ್ಲ. ಮೋಡದ ಹನಿಗಳು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಎಷ್ಟೋ ವೇಳೆ ಹೆಪ್ಪುಗಟ್ಟದೆ ನೀರಾಗಿಯೇ ಉಳಿದಿರುತ್ತವೆ. ಹಾಲಿಗೆ ಹೆಪ್ಪು ಹಾಕಿದಂತೆ ಅವಕ್ಕೂ ಏನಾದರೊಂದು ಪ್ರೇರಣೆ ಬೇಕು. ಡ್ರೈ ಐಸು ಅಂಥ ಹೆಪ್ಪು. ಅದೇ ವರ್ಷ ನವೆಂಬರ್ 13ರಂದು ಶೇಫರ್ ವಿಮಾನವೇರಿ ಮ್ಯಾಸಚೂಸೆಟ್ಸ್‌ನ ಒಂದು ಬೆಟ್ಟದ ಬಳಿ ಮೋಡಕ್ಕೆ ಅದನ್ನು ಉದುರಿಸಿದಾಗ, ಮೋಡದ ಅಡಿಯಿಂದ ಹಿಮ ಇಳಿಯತೊಡಗಿತು. ಇಂದ್ರನ ಕೆಲಸ ಮನುಷ್ಯನ ಕೈಗೆ ಬಂತೆಂದು ಲ್ಯಾಂಗ್‌ಮ್ಯೂರ್ ನಂಬಿದರು. ಮರುವರ್ಷ ಅಮೆರಿಕದ ಸೇನೆಯೂ ಜೊತೆಗೂಡಿ ‘ಸಿರಸ್ ಯೋಜನೆ’ ಆರಂಭವಾಯಿತು.

1947ರ ಅಕ್ಟೋಬರಿನಲ್ಲಿ ಒಂದು ಚಂಡಮಾರುತ ಫ್ಲಾರಿಡದ ದಕ್ಷಿಣ ಭಾಗವನ್ನು ದಾಟಿ ಅಟ್ಲಾಂಟಿಕ್ ಸಾಗರಕ್ಕೆ ಹೊರಟುಹೋಗುತ್ತಿತ್ತು. ಹೊರಟುಹೋಗುವ ಗಾಳಿ, ಅದರ ಮೇಲೆ ಪ್ರಯೋಗ ಮಾಡಿದರೆ ಯಾರಿಗೂ ಕೇಡಿಲ್ಲವೆಂದು ಎಣಿಸಿ, ಅಕ್ಟೋಬರ್ 13ರಂದು ವಿಮಾನಗಳು ಅದನ್ನು ಬೆನ್ನಟ್ಟಿದುವು. ದಡದಿಂದ ಸುಮಾರು 350 ಮೈಲಿ ದೂರದಲ್ಲಿ 80 ಕಿಲೋಗ್ರಾಮಿನಷ್ಟು ಡ್ರೈ ಐಸನ್ನು ಅದರ ಮೋಡಗಳ ಮೇಲೆ ಚೆಲ್ಲಿ ಹಿಂದಿರುಗಿದುವು. ಅನಂತರ ನಡೆದದ್ದೇ ಬೇರೆ. ಚಂಡಮಾರುತ ಪಶ್ಚಿಮಕ್ಕೆ ಮೊಗ ತಿರುಗಿಸಿ, 15ರಂದು ಜಾರ್ಜಿಯದ ಸವಾನಾ ನಗರದ ಬಳಿ ಕರಾವಳಿಗೆ ಅಪ್ಪಳಿಸಿತು. ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕಿ ನಷ್ಟವಾಯಿತು.

ಊರು ಸುಮ್ಮನಿದ್ದೀತೆ? ಹೋಗುತ್ತಿದ್ದ ಮಾರಿಯನ್ನು ಕರೆದು ಮನೆಗೆ ಕಳಿಸಿದರೆಂದು ಜನ ಸಿಟ್ಟಿಗೆದ್ದರು. ನ್ಯಾಯಾಲಯದ ಮಾತು ಬಂತು. ಸೇನೆ ಪ್ರಯೋಗದ ವಿವರಗಳನ್ನು ಗುಟ್ಟಾಗಿಟ್ಟಿತು. ಗುಟ್ಟು ಬೆಳೆದಷ್ಟೂ ಗುಮಾನಿ ಬೆಳೆಯಿತು. ಇತ್ತ ಕಂಪನಿಯ ವಕೀಲರು ಪರಿಹಾರದ ಭಯದಿಂದ ಬಾಯಿಮುಚ್ಚಿಕೊಂಡಿರಿ ಎನ್ನುತ್ತಿದ್ದರೆ, ಅತ್ತ ಲ್ಯಾಂಗ್‌ಮ್ಯೂರ್ ಮಾತ್ರ ಗಾಳಿಯನ್ನು ತಿರುಗಿಸಿದ್ದು ತಮ್ಮ ಪ್ರಯೋಗವೇ ಎಂದು ಹೆಮ್ಮೆಯಿಂದ ಸಾರುತ್ತಿದ್ದರು. ದೂರುವವರೂ ಹೊಗಳಿಕೊಳ್ಳುವವರೂ ಒಂದೇ ಮಾತನ್ನು ಹೇಳುತ್ತಿದ್ದಾಗ, ಅದು ಸುಳ್ಳಿರಬಹುದೆಂದು ಯಾರಿಗೆ ತಾನೇ ತೋಚೀತು?

ಆದರೆ ಅದು ಸುಳ್ಳೇ ಆಗಿತ್ತು. ತಜ್ಞರು ಆ ಗಾಳಿ ನಡೆದ ದಾರಿಯನ್ನು ಗಂಟೆ ಗಂಟೆಗೆ ಗುರುತು ಹಾಕಿ ನೋಡಿದಾಗ, ಡ್ರೈ ಐಸು ಬೀಳುವುದಕ್ಕೆ ಮುಂಚೆಯೇ ಅದು ತಿರುಗತೊಡಗಿತ್ತು ಎಂದು ಕಂಡುಬಂತು. 1906ರಲ್ಲಿ ಇನ್ನೊಂದು ಚಂಡಮಾರುತ ಹೆಚ್ಚುಕಡಿಮೆ ಇದೇ ಸುತ್ತುದಾರಿಯಲ್ಲಿ ಹೋಗಿತ್ತು; ಆಗ ಬಿತ್ತನೆಯೂ ಇರಲಿಲ್ಲ, ಬಿತ್ತುವ ವಿಮಾನವೂ ಇರಲಿಲ್ಲ.

ಆದರೂ ಅಪವಾದ ಅಷ್ಟು ಬೇಗ ತೊಳೆದುಹೋಗುವ ಕಲೆಯಲ್ಲ. ಚಂಡಮಾರುತಕ್ಕೆ ಬಿತ್ತನೆಮಾಡುವ ಮಾತನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಎತ್ತಲಿಲ್ಲ. 1962ರಲ್ಲಿ ‘ಸ್ಟಾರ್ಮ್‌ಫ್ಯೂರಿ’ ಎಂಬ ಹೊಸ ಯೋಜನೆ ಬಂತು. ಈ ಬಾರಿ ಎಚ್ಚರಿಕೆ ಹೆಚ್ಚು. ಊರುಗಳ ಹತ್ತಿರ ಬರುವ ಸಂಭವವಿದ್ದ ಗಾಳಿಯನ್ನು ಮುಟ್ಟುವಂತಿರಲಿಲ್ಲ. 1965ರಲ್ಲಿ ಬೆಟ್ಸಿ ಎಂಬ ಚಂಡಮಾರುತಕ್ಕೆ ಬಿತ್ತನೆ ಮಾಡಬೇಕೆಂದಿದ್ದವರು, ಅದು ನೆಲದತ್ತ ತಿರುಗಿದ್ದನ್ನು ಕಂಡು ಕೈಬಿಟ್ಟರು. ಕೈಬಿಟ್ಟ ಸುದ್ದಿ ಪತ್ರಿಕೆಗಳಿಗೆ ತಲಪಲಿಲ್ಲ. ಬಿತ್ತನೆ ಆರಂಭವಾಯಿತೆಂದೇ ಅಚ್ಚಾಯಿತು. ಬೆಟ್ಸಿ ಫ್ಲಾರಿಡ, ಲೂಸಿಯಾನಗಳನ್ನು ಹೊಡೆದಾಗ, ಮಾಡದೇ ಇದ್ದ ಕೆಲಸಕ್ಕೆ ಯೋಜನೆ ಹೊಣೆಯಾಯಿತು. ಈ ಬಾರಿ ಕಾಗೆ ಬಂದೇ ಇರಲಿಲ್ಲ!

1969ರಲ್ಲಿ ಡೆಬಿ ಎಂಬ ಚಂಡಮಾರುತಕ್ಕೆ ಎರಡು ದಿನ ಬಿತ್ತನೆಯಾಯಿತು. ಗಾಳಿಯ ವೇಗ ಒಂದು ದಿನ ನೂರಕ್ಕೆ 30ರಷ್ಟು, ಇನ್ನೊಂದು ದಿನ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ತಗ್ಗಿತು. ಇದಕ್ಕಿಂತ ದೊಡ್ಡ ಗೆಲುವು ಬೇಕೆ? ಆದರೂ ಅವರು ಅಷ್ಟಕ್ಕೇ ತೃಪ್ತರಾಗದೆ, ಬಿತ್ತನೆ ಕಾಣದ ಗಾಳಿಗಳನ್ನೂ ವರ್ಷಗಟ್ಟಲೆ ಗಮನಿಸಿದರು. ಅವೂ ತಮ್ಮಷ್ಟಕ್ಕೆ ತಾವೇ ಹೀಗೆ ಏರುತ್ತವೆ, ತಗ್ಗುತ್ತವೆ. ಸಾಲದ್ದಕ್ಕೆ, ಹೆಪ್ಪುಗಟ್ಟದೆ ಉಳಿದ ತಣ್ಣೀರು ಚಂಡಮಾರುತದಲ್ಲಿ ತೀರ ಕಡಿಮೆ. ಹೆಪ್ಪು ಸಿದ್ಧವಾಗಿತ್ತು, ಹಾಲೇ ಇರಲಿಲ್ಲ. 1983ರಲ್ಲಿ ಯೋಜನೆಯನ್ನು ಮುಚ್ಚಿದರು. ತಮ್ಮ ಗೆಲುವನ್ನು ತಾವೇ ಸೋಲೆಂದು ಬರೆದುಕೊಂಡ ಈ ದಿನವನ್ನು, ಹಿಮ ಇಳಿಸಿದ ದಿನಕ್ಕಿಂತ ದೊಡ್ಡದೆಂದು ನಾನು ಎಣಿಸುತ್ತೇನೆ.

ಗಾಳಿಯ ಗಾತ್ರವನ್ನು ನೆನೆದರೂ ಈ ಮಾತು ತಿಳಿದೀತು. ಪೂರ್ಣ ಬೆಳೆದ ಚಂಡಮಾರುತವೊಂದರಲ್ಲಿ ಆವಿ ಮಳೆಯಾಗುವಾಗ ಹೊರಬೀಳುವ ಶಾಖ, ಜಗತ್ತಿನ ವಿದ್ಯುದಾಗಾರಗಳೆಲ್ಲ ಅಷ್ಟೇ ಕಾಲದಲ್ಲಿ ಉತ್ಪಾದಿಸುವ ಶಕ್ತಿಗಿಂತ ನೂರು ಪಟ್ಟಿಗೂ ಮಿಕ್ಕಿದ್ದು. ಅದರ ಮುಂದೆ ಮೂಟೆ ಡ್ರೈ ಐಸು ಯಾವ ಲೆಕ್ಕ?

ಹಾಗೆಂದು ಸಂಶಯಪಡುವವರೆಲ್ಲ ಮೂಢರೆಂದು ನಾನು ಹೇಳಲಾರೆ. 1967ರಿಂದ 1972ರವರೆಗೆ ಅಮೆರಿಕದ ಸೇನೆ ಶತ್ರುಗಳ ದಾರಿಯನ್ನು ಕೆಸರು ಮಾಡುವ ಉದ್ದೇಶದಿಂದ ವಿಯೆಟ್ನಾಂ ಯುದ್ಧದಲ್ಲಿ ನಿಜವಾಗಿಯೂ ಗುಟ್ಟಾಗಿ ಮೋಡಬಿತ್ತನೆ ಮಾಡಿತ್ತು. ಅದು ಬಯಲಾದ ಮೇಲೆಯೇ, 1977ರಲ್ಲಿ, ಹವೆಯನ್ನು ಆಯುಧವಾಗಿ ಬಳಸಬಾರದೆಂಬ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ದೇಶಗಳು ಸಹಿಹಾಕಿದ್ದು. ಒಮ್ಮೆ ಮುಚ್ಚಿಟ್ಟವರ ಮಾತನ್ನು ಜನ ಮತ್ತೊಮ್ಮೆ ನಂಬುವುದು ಕಷ್ಟ. ಆದರೆ ಇರುವ ಮೋಡದಿಂದ ಒಂದಿಷ್ಟು ಮಳೆ ಹಿಂಡಲು ಹೆಣಗುವುದು ಬೇರೆ. ಸಮುದ್ರದ ಮೇಲೆ ಚಂಡಮಾರುತವನ್ನು ಹುಟ್ಟಿಸಿ, ಮೂಗುದಾರ ಹಾಕಿ, ಬೇಕಾದ ಊರಿಗೆ ನಡೆಸುವುದು ಬೇರೆ.

2024ರಲ್ಲಿ ಹೆಲೀನ್, ಮಿಲ್ಟನ್ ಎಂಬ ಎರಡು ಚಂಡಮಾರುತಗಳು ಅಮೆರಿಕವನ್ನು ಒಂದರ ಹಿಂದೊಂದು ಹೊಡೆದಾಗ, ಸರ್ಕಾರವೇ ಅವನ್ನು ಕಳಿಸಿತೆಂಬ ಪುಕಾರು ಎದ್ದಿತು. ಮುನ್ಸೂಚನೆ ಕೊಟ್ಟ ಹವಾಮಾನ ತಜ್ಞರಿಗೇ ಕೊಲೆಬೆದರಿಕೆಗಳು ಬಂದುವು. ಇಂಥ ಮಾತನ್ನು ನಕ್ಕು ಬಿಡುವಂತಿಲ್ಲ. ಗಾಳಿ ಬರುತ್ತದೆ, ಮನೆ ಬಿಡಿರಿ ಎಂದು ಹೇಳುವವನೇ ಗಾಳಿಯನ್ನು ತಂದವನೆಂದು ನಂಬಿದವರು, ಅವನ ಮಾತು ಕೇಳಿ ಮನೆ ಬಿಟ್ಟಾರೆಯೆ?

ಮೊನ್ನೆ ಆ ಉಪಾಧ್ಯಾಯರಿಗೆ ಹಳೆಯ ಪತ್ರಿಕೆಯ ತಾರೀಖುಗಳನ್ನು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. “ಹಾಗಾದರೆ ವಿಮಾನದ್ದು ತಪ್ಪಿಲ್ಲವೆನ್ನಿ. ಮತ್ತೆ ನಮ್ಮ ಬೀದಿಯಲ್ಲಿ ನೀರು ನಿಂತದ್ದೇಕೆ?” ಎಂದರು.

ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಇಬ್ಬರೂ ಬೀದಿಯ ಕೊನೆಯವರೆಗೆ ನಡೆದು, ಹೂಳು ತುಂಬಿದ ಮೋರಿಯನ್ನು ನೋಡಿ ಬಂದೆವು.