ಮಾರ್ಕ್ಸ್ ಇಲ್ಲದ ಕೋರ್ಸು ಹೆಗ್ಗೋಡಿಗೆ ಬಂದದ್ದು

ಪತ್ರಿಕೋದ್ಯಮ, ಡಿಸೈನ್, ಸಿನಿಮಾ ಓದುವವರಿಗೆ ಪಠ್ಯದ ಪಕ್ಕದಲ್ಲೇ ಇನ್ನೊಂದು ಬಗೆಯ ತರಗತಿ ಇರುತ್ತದೆ. ಬೇಕಾದವರು ಸೇರಬಹುದು, ಬೇಡವಾದವರು ಬಿಡಬಹುದು. ಮಾರ್ಕ್ಸ್ ಕಾರ್ಡಿನಲ್ಲಿ ಅದಕ್ಕೆ ಜಾಗವಿಲ್ಲ. ದುಡ್ಡೋ ಸಮಯವೋ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಇಂಥ ತರಗತಿಗಳಲ್ಲಿ ನಮಗೆ ತುಂಬ ಇಷ್ಟವಾದದ್ದು ಸಿನಿಮಾ ರಸಗ್ರಹಣ. ಅದು ಪುಣೆಯಿಂದ ಮಲೆನಾಡಿನ ಹಳ್ಳಿಗೆ ಬಂದ ಕಥೆ ಇದು.

1960ರಲ್ಲಿ ಪುಣೆಯ ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ಸರ್ಕಾರ ಫಿಲ್ಮ್ ಇನ್‌ಸ್ಟಿಟ್ಯೂಟ್ ತೆರೆಯಿತು. 1964ರಲ್ಲಿ ಅದೇ ಊರಿಗೆ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಬಂತು. ಇನ್‌ಸ್ಟಿಟ್ಯೂಟಿನಲ್ಲಿ ಸತೀಶ್ ಬಹದ್ದೂರ್ ಎಂಬ ಮೇಷ್ಟ್ರು. ಮೊದಲು ಆಗ್ರಾದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವರು, ಸಿನಿಮಾ ಹುಚ್ಚಿಗೆ ಇತ್ತ ಬಂದವರು. ಸಂಗ್ರಹಾಲಯದಲ್ಲಿ ಪಿ.ಕೆ. ನಾಯರ್. ಎರಡೂ ಸಂಸ್ಥೆ ಸೇರಿ ಬೇಸಿಗೆಯಲ್ಲಿ ಕೆಲವು ವಾರಗಳ ಕೋರ್ಸು ನಡೆಸಿದವು. ಕ್ಯಾಮೆರಾ ಹಿಡಿಯುವುದನ್ನು ಕಲಿಸುವ ಕೋರ್ಸಲ್ಲ, ಸಿನಿಮಾ ನೋಡುವುದನ್ನು ಕಲಿಸುವ ಕೋರ್ಸು.

ನೋಡುವುದನ್ನೂ ಕಲಿಸಬೇಕೇ ಅಂತ ನೀವು ಕೇಳಬಹುದು. ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯಲ್ಲಿ ಒಂದು ದೃಶ್ಯವಿದೆ. ಊರೂರು ಅಲೆದು ಮನೆಗೆ ಮರಳಿದ ಅಪ್ಪ, ಮಗಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಮಗಳು ಸತ್ತಿದ್ದಾಳೆ, ಅವನಿಗೆ ಗೊತ್ತಿಲ್ಲ. ತಾಯಿ ಬಾಯಿಬಿಟ್ಟು ಅಳುತ್ತಾಳೆ. ಆದರೆ ನಮಗೆ ಕೇಳುವುದು ಅಳುವಲ್ಲ, ತಾರ್ ಶಹನಾಯಿ ಎಂಬ ವಾದ್ಯದ ಚೀತ್ಕಾರ. ಅಳುವಿನ ದನಿ ಯಾಕೆ ತೆಗೆದರು? ಇದ್ದಿದ್ದರೆ ಏನಾಗುತ್ತಿತ್ತು? ಇಂಥ ಪ್ರಶ್ನೆ ಇಟ್ಟುಕೊಂಡು ಅರ್ಧ ದಿನ ಮಾತಾಡಬಹುದು. ರಸಗ್ರಹಣ ಅಂದರೆ ಇಷ್ಟೇ.

ಇನ್ನು ನಮ್ಮ ಕಡೆಗೆ ಬರೋಣ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲೇ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತ್ತು, ನಾವೆಲ್ಲ ನೀನಾಸಂ ಅನ್ನುವುದು ಅದನ್ನೇ. ಅಡಿಕೆ ತೋಟದ ಕೆ.ವಿ. ಸುಬ್ಬಣ್ಣನವರು ಅದರ ಜೀವಾಳ. 1973ರಲ್ಲಿ ಅಲ್ಲಿ ನೀನಾಸಂ ಚಿತ್ರಸಮಾಜ ಶುರುವಾಯಿತು. ನಾಯರ್ ಅವರ ನೆರವಿನಿಂದ ಪುಣೆಯ ಸಂಗ್ರಹಾಲಯದ ರೀಲುಗಳು ಡಬ್ಬಗಳಲ್ಲಿ ಹೆಗ್ಗೋಡಿಗೆ ಬಂದವು. ಬಹದ್ದೂರ್ ಮೇಷ್ಟ್ರೂ ಬಂದು ಪಾಠ ಮಾಡಿದರು.

ಹಳ್ಳಿಯವರಿಗೆ ಇಟಲಿ, ಜಪಾನಿನ ಸಿನಿಮಾ ಯಾಕೆ ಅನ್ನುವ ಅನುಮಾನ ಯಾರಿಗಾದರೂ ಬರುವಂಥದ್ದೇ. ಆದರೆ ಅಲ್ಲಿ ತೋರಿಸಿದ ‘ಬೈಸಿಕಲ್ ಥೀವ್ಸ್’ ಕಥೆ ನೋಡಿ. ಯುದ್ಧ ಮುಗಿದ ರೋಮ್. ಕೆಲಸವಿಲ್ಲದ ಅಪ್ಪನಿಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಸೈಕಲ್ ಇರಬೇಕೆಂಬ ಷರತ್ತಿನ ಮೇಲೆ. ಹಾಸಿಗೆಯ ಬಟ್ಟೆ ಒತ್ತೆಯಿಟ್ಟು ಸೈಕಲ್ ಬಿಡಿಸಿಕೊಂಡರೆ ಮೊದಲ ದಿನವೇ ಕಳವು. ಮಗನನ್ನು ಕಟ್ಟಿಕೊಂಡು ಊರೆಲ್ಲ ಹುಡುಕಿ, ಕೊನೆಗೆ ತಾನೇ ಒಂದು ಸೈಕಲ್ ಕದಿಯಲು ಹೋಗಿ ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ಒತ್ತೆ ಇಟ್ಟು ಗೊತ್ತಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಪುಣೆಯ ಕೆಲಸಕ್ಕಿಂತ ಹೆಗ್ಗೋಡಿನದು ದೊಡ್ಡ ಸಾಹಸ ಅಂತ ನಮಗನ್ನಿಸುತ್ತದೆ. ಪುಣೆಯ ವಿದ್ಯಾರ್ಥಿಗೆ ಕಲಿತದ್ದು ಮುಂದೆ ಅನ್ನಕ್ಕೆ ದಾರಿಯಾಗಬಹುದು. ಇಲ್ಲಿ ಸಿನಿಮಾದ ಉದ್ಯೋಗಕ್ಕೆ ಎಂದೂ ಹೋಗದವರೂ ಬಂದು ಕೂತರು. ರಸಗ್ರಹಣ ಶಿಬಿರ ಮುಂದೆ ಸಾಹಿತ್ಯ, ನಾಟಕ, ವಿಚಾರ ಎಲ್ಲವೂ ಸೇರಿದ ಸಂಸ್ಕೃತಿ ಶಿಬಿರವಾಗಿ ಬೆಳೆಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಾಯರ್ ಅವರ ಬದುಕಿನ ಬಗ್ಗೆ 2012ರಲ್ಲಿ ಬಂದ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ಸಿಕ್ಕರೆ ನೋಡಿ. ಅದರಲ್ಲಿ ಹೆಗ್ಗೋಡಿನ ಜನ, ಎಷ್ಟೋ ವರ್ಷಗಳ ಹಿಂದೆ ನೋಡಿದ ಆ ಸಿನಿಮಾಗಳ ಬಗ್ಗೆ ಮಾತಾಡುತ್ತಾರೆ.