ಎಡೆದೊರೆ ನಾಡಿನ ಬೆವರು ಮತ್ತು ಕಂಪು

ಕೃಷ್ಣೆ-ತುಂಗಭದ್ರೆಯರ ನಡುವಣ ಸೀಮೆಯನ್ನು ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ರಾಯಚೂರು, ದೇವದುರ್ಗ, ಮಾನ್ವಿಗಳು ಈ ನಾಡಿನವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಾಗಲಿ, ಬೆವರಾಗಲಿ ಇಲ್ಲಿಯವರಿಗೆ ಹೊಸತಲ್ಲ. ಹೊಸತಾದುದು ಬೆವರಿನ ಬಗೆಗಿನ ನಾಚಿಕೆ. ಫಾಗ್, ಆಕ್ಸ್‌ಗಳ ಡಬ್ಬಿಗಳು ಅಂಗಡಿಯ ಕಪಾಟುಗಳನ್ನು ತುಂಬುವ ಬಹುಕಾಲ ಮೊದಲೇ ಈ ನಾಡನ್ನಾಳಿದ ಚಾಲುಕ್ಯರ ಆಶ್ರಯದಲ್ಲಿ ಕಂಪಿನ ಶಾಸ್ತ್ರ ಬೆಳೆದಿತ್ತು.

ಇಮ್ಮಡಿ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ಮಳೆ, ಅಂತರ್ಜಲ, ವೃಕ್ಷಾಯುರ್ವೇದ, ಅಡುಗೆಗಳ ಜೊತೆಗೇ ಸುಗಂಧದ್ರವ್ಯಗಳ ತಯಾರಿಕೆಯನ್ನೂ ಕನ್ನಡದಲ್ಲಿ ಹೇಳುತ್ತದೆ. ಬಾವಿ ತೋಡುವ, ಸಾರು ಕಾಸುವ ವಿದ್ಯೆಯ ಪಕ್ಕದಲ್ಲಿ ಪರಿಮಳದ ವಿದ್ಯೆಗೂ ಸ್ಥಾನ ದೊರೆತಿರುವುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಒಂದು ಶತಮಾನದ ಬಳಿಕ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನಗಳು ಅರಸನ ಉಪಭೋಗಗಳಾಗಿವೆ. ಕಾಶ್ಮೀರದ ಕೇಸರಿ, ಹಿಮಾಲಯದ ಕಸ್ತೂರಿ, ದ್ವೀಪಾಂತರದ ಕರ್ಪೂರ ಉಳುವವನ ಕೈಗೆಟಕುವುದಾದರೂ ಹೇಗೆ? ಇವರಿಗೂ ಹಿಂದೆ ಆರನೆಯ ಶತಮಾನದ ವರಾಹಮಿಹಿರನು ಹದಿನಾರು ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ 1,74,720 ಗಂಧಗಳಾಗುವುವೆಂದು ಗಣಿಸಿದ್ದನು.

1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿಯ ಅತ್ತರಿನ ರುಚಿ ಇಲ್ಲಿಗೂ ಬಂದಿತು. ಸಾಂಪ್ರದಾಯಿಕ ಅತ್ತರಿಗೆ ಶ್ರೀಗಂಧದ ಎಣ್ಣೆಯೇ ಆಧಾರವಾದ್ದರಿಂದ ಬಿಸಿಲಿನಲ್ಲಿಯೂ ಅದು ನಿಧಾನವಾಗಿ ಆರುತ್ತದೆ. ಮದ್ಯಸಾರದ ಸಿಂಪಡಿಕೆಗೆ ಆ ತಾಳ್ಮೆಯಿಲ್ಲ.

ಇವೆಲ್ಲವೂ ಮೈಗೆ ಕಂಪನ್ನು ಕೂಡಿಸಿದವು; ಬೆವರನ್ನು ತಡೆಯುವ ಹಟ ತೊಡಲಿಲ್ಲ. 1888ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ‘ಮಮ್’ ಎಂಬ ದುರ್ಗಂಧನಾಶಕ ಲೇಪ ಬಂದಿತು. 1903ರ ‘ಎವರ್‌ಡ್ರೈ’ ಅಲ್ಯೂಮಿನಿಯಂ ಕ್ಲೋರೈಡಿನಿಂದ ಬೆವರನ್ನೇ ತಡೆಯಹೊರಟಿತು. ನಮ್ಮ ಕ್ಷೌರಿಕರ ಪೆಟ್ಟಿಗೆಯ ಪಟಿಕವೂ ಅಲ್ಯೂಮಿನಿಯಂ ಲವಣವೇ ಎಂಬುದು ಸ್ವಾರಸ್ಯಕರ. 1919ರಲ್ಲಿ ‘ಓಡೊರೊನೊ’ದ ಜಾಹೀರಾತು ಹೆಂಗಸರ ಕಂಕುಳಿನ ವಾಸನೆಯನ್ನು ಎತ್ತಿ ಆಡಿದಾಗ ಓದುಗರು ಸಿಡಿದೆದ್ದರು, ಮಾರಾಟ ಮಾತ್ರ ಏರಿತು. ನಾಚಿಕೆಯೂ ಸರಕಾಯಿತು.

ವಾಸ್ತವದಲ್ಲಿ ಹೊಸ ಬೆವರಿಗೆ ನಾತ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗಲೇ ವಾಸನೆ ಹುಟ್ಟುತ್ತದೆ. ಕಂಕುಳಿನ ಲೇಪದಿಂದ ಮೈಯ ತಂಪೇನೂ ಕೆಡುವುದಿಲ್ಲ. ಆದರೆ ಬೆವರನ್ನೇ ಕೊಳೆಯೆಂದು ಕಲಿಸುವ ಜಾಹೀರಾತಿನ ಮಾತು ಮಾನ್ವಿಯ ಭತ್ತದ ಗದ್ದೆಯಲ್ಲಿ ದುಡಿಯುವವರ ಕಿವಿಗೂ ಬೀಳುತ್ತದೆ. ಗಾಳಿ ಮೈಗಿಂತ ಬಿಸಿಯಾದ ಹೊತ್ತಿನಲ್ಲಿ ಅವರ ದೇಹಕ್ಕೆ ತಂಪಾಗಲು ಬೆವರು ಆರುವುದೊಂದೇ ದಾರಿ.