ಕಮಿರಿತುವಿನಿಂದ ಮಂಚಿಕೇರಿಗೆ: ಆಫ್ರಿಕದ ಬರಹ ನಡೆದು ಬಂದ ದಾರಿ

ಭರತ ಹುಣ್ಣಿಮೆಯ ಹೊತ್ತಿಗೆ ಉಗರಗೋಳ ದಾಟಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಂಡಿಗಳ ನಡುವೆ ಚೌಡಿಕೆಯ ಸದ್ದು ಕೇಳಿದಾಗಲೆಲ್ಲ ನನಗೆ ಉಗಾಂಡದ ಕವಿ ಓಕೊಟ್ ಪಿಬಿಟೆಕ್ ನೆನಪಾಗುತ್ತಾರೆ. ಗಂಡನ ಸಿಟ್ಟಿಗೆ ತಲೆ ಕೊಟ್ಟ ರೇಣುಕೆಯ ಸಂಕಟವನ್ನು ನಮ್ಮ ಜೋಗತಿಯರು ಹಾಡುತ್ತಾರೆ. ಪಿಬಿಟೆಕ್ ಅವರ ಲವೀನೊ ಕೂಡ ಹಾಡುವ ಹೆಂಗಸೇ. ಇಂಗ್ಲಿಷ್ ಕಲಿತು ಬಂದ ಗಂಡ ತನ್ನ ಅಡುಗೆ, ಕುಣಿತ, ದೇವರು ಎಲ್ಲವನ್ನೂ ಹೀಯಾಳಿಸುತ್ತಾನೆಂದು ಅವಳು ಊರವರ ಮುಂದೆ ದೂರು ಹೇಳಿಕೊಳ್ಳುತ್ತಾಳೆ. ಲವೀನೊಳ ಹಾಡಾದ ಈ ದೀರ್ಘ ಕವಿತೆಯನ್ನು ಪಿಬಿಟೆಕ್ ತಮ್ಮ ಅಚೋಲಿ ಭಾಷೆಯಲ್ಲಿ ಕಟ್ಟಿ, ತಾವೇ ಇಂಗ್ಲಿಷಿಗೆ ತಂದರು. ಇಂಗ್ಲಿಷಿನಲ್ಲಿ ಅದು ಬಂದದ್ದು 1966ರಲ್ಲಿ.

ಆಫ್ರಿಕದ ಆಧುನಿಕ ಸಾಹಿತ್ಯದ ದೊಡ್ಡ ಜಗಳ ಇದೇ: ಯಾರ ಮಾತಿನಲ್ಲಿ ಬರೆಯಬೇಕು? 1962ರಲ್ಲಿ ಉಗಾಂಡದ ಮೆಕೆರೆರೆಯಲ್ಲಿ ಆಫ್ರಿಕದ ಲೇಖಕರ ಸಮ್ಮೇಳನ ನಡೆಯಿತು. ಅದು ಇಂಗ್ಲಿಷಿನಲ್ಲಿ ಬರೆಯುವವರಿಗೆ ಮಾತ್ರ. ಒಂದೆರಡು ಕಥೆ ಪ್ರಕಟಿಸಿದ್ದ ವಿದ್ಯಾರ್ಥಿ, ಕೆನ್ಯಾದ ಗೂಗಿ ವಾ ಥಿಯಾಂಗೊಗೆ ಅಲ್ಲಿ ಪ್ರವೇಶವಿತ್ತು. ಯೊರುಬಾದ ಕಾದಂಬರಿಕಾರ ಫಗುನ್ವಾ, ಸ್ವಾಹಿಲಿಯ ಮಹಾಕವಿ ಶಾಬಾನ್ ರಾಬರ್ಟ್ ಅಂಥವರಿಗೆ ಇರಲಿಲ್ಲ.

ನೈಜೀರಿಯಾದ ಚಿನುವಾ ಅಚಿಬೆ ಬೇರೊಂದು ದಾರಿ ಹಿಡಿದಿದ್ದರು. 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’ ಇಂಗ್ಲಿಷಿನಲ್ಲಿದೆ, ಆದರೆ ಅದರ ಉಸಿರು ಇಗ್ಬೊ ಗಾದೆಗಳದು. ಹಿರಿಯರು ಕಟ್ಟೆಯ ಮೇಲೆ ಕುಳಿತು ಗಾದೆ ಹಾಕಿ ನ್ಯಾಯ ಹೇಳುವ ನಮ್ಮ ಸವದತ್ತಿ ಸೀಮೆಯವರಿಗೆ ಆ ಹಳ್ಳಿ ಪರಕೀಯ ಅನ್ನಿಸುವುದೇ ಇಲ್ಲ. ಸಿ. ನಾಗಣ್ಣ ಇದನ್ನು ‘ಭಂಗ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು.

ಗೂಗಿ ಮಾತ್ರ ಇಂಗ್ಲಿಷನ್ನೇ ಬಿಟ್ಟು ಹೊರಟರು. 1977ರಲ್ಲಿ ಕೆನ್ಯಾದ ಕಮಿರಿತು ಎಂಬ ಹಳ್ಳಿಯಲ್ಲಿ ರೈತರು, ಕೂಲಿಕಾರರು ತಾವೇ ಬಯಲು ರಂಗಮಂದಿರ ಕಟ್ಟಿ ಗಿಕುಯು ಭಾಷೆಯಲ್ಲಿ ನಾಟಕ ಆಡಿದರು. ಗೂಗಿ ವಾ ಮಿರೀ ಎಂಬ ಇನ್ನೊಬ್ಬರ ಜೊತೆ ಸೇರಿ ಅದನ್ನು ಬರೆದವರು ಗೂಗಿ ವಾ ಥಿಯಾಂಗೊ. ಇಂಗ್ಲಿಷ್ ಕಾದಂಬರಿಗಳನ್ನು ಸಹಿಸಿಕೊಂಡಿದ್ದ ಸರ್ಕಾರ ಈ ನಾಟಕವನ್ನು ಕೆಲವೇ ವಾರಗಳಲ್ಲಿ ನಿಲ್ಲಿಸಿತು. ವರ್ಷದ ಕೊನೆಗೆ ಗೂಗಿ ಸೆರೆಮನೆ ಸೇರಿದರು. ಅಲ್ಲಿ ಶೌಚಕ್ಕೆ ಕೊಡುತ್ತಿದ್ದ ಕಾಗದದ ಮೇಲೆಯೇ ಗಿಕುಯು ಭಾಷೆಯ ತಮ್ಮ ಮೊದಲ ಕಾದಂಬರಿ ಬರೆದರು. ಹಳ್ಳಿಯವರ ಬಾಯಲ್ಲಿ ಆಡಿಬಂದ ಮಾತಿಗೆ ಎಷ್ಟು ಬಲವಿದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಗೊತ್ತಿಲ್ಲ.

ಕಮಿರಿತುವಿನ ತಂಗಿಯಂಥ ಊರೊಂದು ನಮ್ಮಲ್ಲೂ ಇದೆ. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿ. ಶತಮಾನಗಳ ಹಿಂದೆ ಗುಲಾಮರಾಗಿ ಹಡಗು ಹತ್ತಿ ಬಂದ ಆಫ್ರಿಕನ್ನರ ಸಂತಾನವಾದ ಸಿದ್ದಿಗಳು ಆ ಕಾಡಿನ ಸೀಮೆಯಲ್ಲೂ ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲೂ ನೆಲೆಸಿದ್ದಾರೆ. 1980ರ ದಶಕದಲ್ಲಿ ನೀನಾಸಮ್‌ನ ಚಿದಂಬರರಾವ್ ಜಂಬೆ ಮಂಚಿಕೇರಿಯ ಸಿದ್ದಿಗಳನ್ನೇ ಸೇರಿಸಿ ‘ಕಪ್ಪು ಜನ ಕೆಂಪು ನೆರಳು’ ನಾಟಕ ಮಾಡಿಸಿದರು. ಅದು ಅಚಿಬೆಯವರ ಅದೇ ಕಾದಂಬರಿಯ ರಂಗರೂಪ. ಆಫ್ರಿಕದ ಕಥೆ ಆಫ್ರಿಕದ ಮೂಲದವರ ಮೈಯಲ್ಲಿ, ಕನ್ನಡದ ಮಾತಿನಲ್ಲಿ ನಿಂತಿತು. ಕನ್ನಡ ಆಫ್ರಿಕವನ್ನು ಓದಿದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ ಎಂದೇ ನಾನು ತಿಳಿದಿದ್ದೇನೆ.

ಪುಸ್ತಕಗಳ ಕೆಲಸವೂ ನಡೆಯಿತು. ಗೂಗಿ 1986ರಲ್ಲಿ ಪ್ರಕಟಿಸಿದ ‘ಡಿಕಾಲೊನೈಸಿಂಗ್ ದಿ ಮೈಂಡ್’ ಅನ್ನು ರಹಮತ್ ತರೀಕೆರೆ ‘ವಸಾಹತುಪ್ರಜ್ಞೆ ಮತ್ತು ವಿಮೋಚನೆ’ಯಾಗಿ ಅನುವಾದಿಸಿದರು. 1982ರ ಗೋಕಾಕ ಚಳವಳಿಯ ಬಿಸಿ ಕಂಡವರಿಗೆ ಶಾಲೆಯಲ್ಲಿ ತಾಯಿನುಡಿ ಆಡಿ ಏಟು ತಿಂದ ಗಿಕುಯು ಮಕ್ಕಳ ಕಥೆ ಮನೆಯದೇ ಅನ್ನಿಸಿತು. ಎಂ.ಆರ್. ಕಮಲ ಅವರ ‘ಕತ್ತಲ ಹೂವಿನ ಹಾಡು’ ಕಪ್ಪು ಹೆಣ್ಣುಮಕ್ಕಳ ಕವಿತೆಗಳನ್ನು ಕೊಟ್ಟಿತು.

ಈ ನಡುವೆ ಆಫ್ರಿಕ ಬಹಳ ಮುಂದೆ ಹೋಯಿತು. ಸೆನೆಗಲ್‌ನ ಮರಿಯಮಾ ಬಾ 1979ರಲ್ಲಿ ಗಂಡ ಸತ್ತ ಹೆಂಗಸೊಬ್ಬಳ ಒಂದೇ ಉದ್ದನೆಯ ಪತ್ರವನ್ನು ಕಾದಂಬರಿ ಮಾಡಿದರು. ಜಿಂಬಾಬ್ವೆಯ ಸಿಟ್ಸಿ ಡಂಗರೆಂಬ್ಗಾ 1988ರಲ್ಲಿ ಓದಿಗಾಗಿ ಹಟ ಹಿಡಿದ ಹುಡುಗಿಯ ಕಥೆ ಹೇಳಿದರು. ನೈಜೀರಿಯಾದ ಬಿಯಾಫ್ರಾ ಯುದ್ಧ ಕವಿ ಕ್ರಿಸ್ಟೊಫರ್ ಒಕಿಗ್ಬೊ ಅವರನ್ನು 1967ರಲ್ಲೇ ಬಲಿ ಪಡೆದಿತ್ತು. ಅದೇ ಯುದ್ಧವನ್ನು ಅದು ಮುಗಿದ ಮೇಲೆ ಹುಟ್ಟಿದ ಚಿಮಮಾಂಡ ಎನ್‌ಗೋಜಿ ಅಡೀಚಿ 2006ರಲ್ಲಿ ಕಾದಂಬರಿಯಾಗಿಸಿದರು. 2021ರಲ್ಲಂತೂ ನೊಬೆಲ್ ಜಂಜಿಬಾರಿನಲ್ಲಿ ಹುಟ್ಟಿದ ಅಬ್ದುಲ್‌ರಜಾಕ್ ಗುರ್ನಾ ಅವರಿಗೆ, ಬೂಕರ್ ದಕ್ಷಿಣ ಆಫ್ರಿಕದ ಡೇಮನ್ ಗಾಲ್ಗಟ್ ಅವರಿಗೆ, ಫ್ರಾನ್ಸಿನ ಗೊಂಕೂರ್ ಸೆನೆಗಲ್‌ನ ಮೊಹಮದ್ ಎಂಬುಗಾರ್ ಸಾರ್ ಅವರಿಗೆ ಸಂದವು. ಅಂತರರಾಷ್ಟ್ರೀಯ ಬೂಕರ್ ಆ ವರ್ಷ ಸೆನೆಗಲ್‌ನಲ್ಲಿ ಬೆಳೆದ ದಾವಿದ್ ದ್ಯೋಪ್ ಅವರ ಪಾಲಾಯಿತು. ನಾಲ್ಕು ವರ್ಷದ ಮೇಲೆ, 2025ರಲ್ಲಿ, ಅದೇ ಪ್ರಶಸ್ತಿ ಬಾನು ಮುಷ್ತಾಕ್ ಅವರ ಕಥೆಗಳ ಮೂಲಕ ಕನ್ನಡಕ್ಕೆ ಬಂತು. ಅದು ಘೋಷಣೆಯಾದ ಮೇ ತಿಂಗಳಿನಲ್ಲೇ ಗೂಗಿ ತೀರಿಕೊಂಡರು.

ಆಫ್ರಿಕದ ಈ ಹೆಸರುಗಳು ನಮ್ಮ ಓದುಗರಿಗೆ ಬಹುಪಾಲು ಇಂಗ್ಲಿಷಿನಲ್ಲೇ ಪರಿಚಯ. ಅಚಿಬೆ, ನೈಜೀರಿಯಾದವರೇ ಆದ ನಾಟಕಕಾರ ಸೋಯಿಂಕಾ, ಗೂಗಿ ಎಂಬ ಮೂವರ ಸುತ್ತಲೇ ನಮ್ಮ ಚರ್ಚೆ ಸುತ್ತುತ್ತಿದೆ. ಸೆನೆಗಲ್‌ನ ವೊಲೊಫ್ ಭಾಷೆಯಲ್ಲಿ ಕಾದಂಬರಿ ಬರೆದ ಬೂಬಕರ್ ಬೋರಿಸ್ ದ್ಯೋಪ್ ಅಂಥವರ ಕಡೆ ನಾವು ಕಣ್ಣು ಹಾಯಿಸಿದ್ದೂ ಕಡಿಮೆ. ಇದು ಕೊರತೆಯೇ, ಅದರಲ್ಲೂ ನಮ್ಮ ನಡುವಿನ ಸಿದ್ದಿಗಳನ್ನು ನೆನೆದಾಗ.

2003ರಲ್ಲಿ ಉತ್ತರ ಕನ್ನಡದ, 2020ರಲ್ಲಿ ಬೆಳಗಾವಿ ಮತ್ತು ಧಾರವಾಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಮಕ್ಕಳು ಇಂದು ನಮ್ಮ ಶಾಲೆ ಕಾಲೇಜುಗಳಲ್ಲಿ ಕನ್ನಡ ಓದುತ್ತಿದ್ದಾರೆ. ಅನುವಾದಕರೇ, ಪ್ರಕಾಶಕರೇ, ಅವರ ಕೈಗೆ ಮರಿಯಮಾ ಬಾ ಅವರನ್ನು, ಗುರ್ನಾ ಅವರನ್ನು, ಲವೀನೊಳ ಹಾಡನ್ನು ಕನ್ನಡದಲ್ಲಿ ಕೊಡಿ.